ಸದ್ದಿಲ್ಲದ ವಾಹನ ಮತ್ತು ಶ್ರಾವಕನ ಯತ್ನಾಚಾರ

ಮಹಾವ್ರತಿಗಳಾದ ಮುನಿಗಳು ವಾಹನವೇರುವುದಿಲ್ಲ. ಇದನ್ನು ಪಾದಯಾತ್ರೆಯ ಮಹಿಮೆಯೆಂದೋ, ದೇಹದಂಡನೆಯ ಒಂದು ಬಗೆಯೆಂದೋ ತಿಳಿದುಕೊಂಡವರು ಅನೇಕರು. ವಸ್ತುತಃ ಇದರ ಬೇರು ಈರ್ಯಾಸಮಿತಿಯಲ್ಲಿದೆ. ಸೂರ್ಯನ ಬೆಳಕಿನಲ್ಲಿ, ಜನ ನಡೆದು ಸವೆದ ಹಾದಿಯಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ಕಣ್ಣಿಟ್ಟು ನೋಡಿ ಹೆಜ್ಜೆಯಿಡುವುದೇ ಆ ಸಮಿತಿ. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ಅಷ್ಟು ದೂರದಲ್ಲಿ ಕಂಡ ಇರುವೆಯ ಸಾಲನ್ನು ನಡೆಯುವವನು ದಾಟಬಲ್ಲ, ತಪ್ಪಿಸಬಲ್ಲ, ಬೇಕಾದರೆ ನಿಂತುಬಿಡಬಲ್ಲ. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ ೧೧ ಮೀಟರು ಕ್ರಮಿಸುತ್ತದೆ. ಎದುರಿನದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈ ಬ್ರೇಕು ಹಿಡಿಯುವಷ್ಟರಲ್ಲಿ ಅದು ಆರು ಅಡಿಗಳನ್ನು ಹಲವು ಬಾರಿ ದಾಟಿಯಾಗಿರುತ್ತದೆ. ಹೀಗಿರುವಲ್ಲಿ ವಾಹನದ ಮೇಲೆ ಕುಳಿತವನಿಗೆ ಈರ್ಯಾಸಮಿತಿಯ ಪೂರ್ಣ ಪಾಲನೆ ಅಸಾಧ್ಯವೆಂಬುದು ಸ್ಪಷ್ಟ. ಮುನಿಧರ್ಮವು ಆ ಅಸಾಧ್ಯತೆಯನ್ನು ಒಪ್ಪಿಕೊಂಡು ವಾಹನವನ್ನೇ ತ್ಯಜಿಸಿತು. ಗೃಹಸ್ಥನಿಗೆ ಆ ಅನುಕೂಲವಿಲ್ಲ. ಅವನಿಗೆ ಉದ್ಯೋಗವಿದೆ, ಮಕ್ಕಳ ಶಾಲೆಯಿದೆ, ವೃದ್ಧ ತಂದೆತಾಯಿಗಳ ಔಷಧವಿದೆ. ಅಣುವ್ರತಿಗೆ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಸಂಪೂರ್ಣವಾಗಿ ತಪ್ಪಿದ್ದಲ್ಲ; ತಪ್ಪಲೇಬೇಕಾದದ್ದು ಸಂಕಲ್ಪೀ ಹಿಂಸೆ. ಉಳಿದದ್ದನ್ನು ಅವನು ಯತ್ನಾಚಾರದಿಂದ, ಅಂದರೆ ಎಚ್ಚರದ ನಡವಳಿಕೆಯಿಂದ, ತಗ್ಗಿಸಿಕೊಳ್ಳುತ್ತಾ ಹೋಗಬೇಕು.

ಈಚಿನ ವರ್ಷಗಳಲ್ಲಿ ಈ ತಗ್ಗಿಸುವಿಕೆಯ ಒಂದು ಸಾಧನವಾಗಿ ವಿದ್ಯುಚ್ಚಾಲಿತ ದ್ವಿಚಕ್ರ ವಾಹನವು ಜೈನ ಮನೆಗಳ ಅಂಗಳಕ್ಕೆ ಬಂದಿದೆ. ಕರ್ನಾಟಕಕ್ಕೆ ಇದು ಅಪರಿಚಿತ ವಿಷಯವಲ್ಲ. ೨೦೦೧ರಷ್ಟು ಹಿಂದೆಯೇ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗಿಳಿದಿತ್ತು. ೨೦೧೭ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಇದೇ. ೨೦೧೮ರಲ್ಲಿ ಏಥರ್ ಸಂಸ್ಥೆಯ ೪೫೦ ಸ್ಕೂಟರು, ೨೦೨೨ರಲ್ಲಿ ಅಲ್ಟ್ರಾವಯೊಲೆಟ್ ಸಂಸ್ಥೆಯ ಎಫ್-೭೭ ಮೋಟಾರು ಸೈಕಲ್ಲು ಬೆಂಗಳೂರಿನಿಂದಲೇ ಹೊರಬಂದವು. 'ಹೊಗೆಯಿಲ್ಲ, ಸದ್ದಿಲ್ಲ, ಆದುದರಿಂದ ಹಿಂಸೆಯಿಲ್ಲ' ಎಂಬ ಮಾತು ಸಮಾಜದ ಸಭೆ ಸಮಾರಂಭಗಳಲ್ಲಿ ಕೇಳಿಬರುತ್ತಿದೆ. ಮೊದಲೆರಡು ಪದಗಳಿಂದ ಮೂರನೆಯದು ತಾನಾಗಿ ಹೊರಡುತ್ತದೆಯೇ ಎಂಬುದು ವಿಚಾರಣೀಯ.

ವಿಚಾರಕ್ಕೆ ಒಂದು ಆಕಾರ ಬೇಕಾದುದರಿಂದ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡಿನಲ್ಲಿ ಕಚೇರಿ. ಹೋಗಲು ಸುಮಾರು ೨೫ ಕಿಲೋಮೀಟರು, ಬರಲು ಅಷ್ಟೇ. ಹದಿನೈದು ವರ್ಷ ಪೆಟ್ರೋಲು ಬೈಕಿನಲ್ಲಿ ಓಡಾಡಿದವನು ಒಂದು ದಿನ ವಿದ್ಯುತ್ ಮೋಟಾರು ಸೈಕಲ್ಲು ಕೊಂಡು ತಂದನೆನ್ನೋಣ. ಮೊದಲ ವಾರದಲ್ಲಿ ಅವನಿಗಾಗುವ ಅನುಭವಗಳು ಇಂಥ ವಾಹನ ಕೊಂಡ ಯಾರಿಗೂ ಹೊಸವಲ್ಲ. ಎಡಗೈ ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ. ಎಡಗಾಲು ಇಲ್ಲದ ಗೇರನ್ನು ತುಳಿಯಲು ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ವಾಹನ ಚಾಲನೆಯಲ್ಲಿದೆಯೋ ಆರಿದೆಯೋ ತಿಳಿಯದೆ ಗಾಬರಿಯಾಗುತ್ತದೆ. ಕಾಲಿನ ಮೀನಖಂಡಕ್ಕೆ ಬಡಿಯುತ್ತಿದ್ದ ಇಂಜಿನಿನ ಕಾವು ಇಲ್ಲ. ಇಂಜಿನ್ ಆಯಿಲ್ ಬದಲಾಯಿಸುವ ಕೆಲಸವಿಲ್ಲ. ಕೈ ತಿರುಗಿಸಿದ ಕ್ಷಣವೇ ಮೋಟಾರಿನ ಪೂರ್ಣ ಬಲ ಚಕ್ರಕ್ಕೆ ಮುಟ್ಟುತ್ತದೆ, ಪೆಟ್ರೋಲು ಇಂಜಿನಿನಂತೆ ವೇಗ ಏರುವವರೆಗೆ ಕಾಯಬೇಕಾಗಿಲ್ಲ. ಕೈ ಸಡಿಲಿಸಿದರೆ ಮೋಟಾರು ಜನರೇಟರಾಗಿ ತಿರುಗಿ, ಓಟದ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತಾ ವಾಹನವನ್ನು ನಿಧಾನಗೊಳಿಸುತ್ತದೆ.

ಲೆಕ್ಕದಲ್ಲಿಯೂ ಅವನಿಗೆ ಸಮಾಧಾನವಿದೆ. ತಿಂಗಳಿಗೆ ೨೫ ಕೆಲಸದ ದಿನಗಳೆಂದರೆ ೧೨೫೦ ಕಿಲೋಮೀಟರು. ಲೀಟರಿಗೆ ೪೫ ಕಿಲೋಮೀಟರು ಓಡುವ ಬೈಕಿಗೆ ಸುಮಾರು ೨೮ ಲೀಟರು ಪೆಟ್ರೋಲು ಬೇಕು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ೨.೩ ಕಿಲೋ ಇಂಗಾಲಾಮ್ಲ ಗಾಳಿಗೆ ಸೇರುವುದರಿಂದ ತಿಂಗಳಿಗೆ ೬೪ ಕಿಲೋಗಳಷ್ಟಾಯಿತು. ಹೊಸ ವಾಹನ ಅಷ್ಟೇ ದೂರಕ್ಕೆ, ಚಾರ್ಜು ಮಾಡುವಾಗಿನ ನಷ್ಟವೂ ಸೇರಿ, ಸುಮಾರು ೪೪ ಯೂನಿಟ್ಟು ವಿದ್ಯುತ್ತು ಬೇಡುತ್ತದೆ. ಭಾರತದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದರಿಂದ ಯೂನಿಟ್ಟೊಂದಕ್ಕೆ ಸರಾಸರಿ ಮುಕ್ಕಾಲು ಕಿಲೋಗೆ ತುಸು ಕಡಿಮೆ ಇಂಗಾಲಾಮ್ಲದ ಲೆಕ್ಕ ಹಿಡಿದರೂ ಮೊತ್ತ ೩೨ ಕಿಲೋ. ಅಂದರೆ ಹೊಗೆ ಇಲ್ಲವಾಗಿಲ್ಲ, ಅರ್ಧವಾಗಿದೆ. ವಿಜಯನಗರದಿಂದ ಹೊರಟು ಶಕ್ತಿನಗರದ ಚಿಮಣಿಗೆ ಹೋಗಿದೆ. ರಾಯಚೂರು ಉಷ್ಣವಿದ್ಯುತ್ ಸ್ಥಾವರದ ನೆರೆಯಲ್ಲಿ ಉಸಿರಾಡುವವರಿಗೆ ವಿಜಯನಗರದ ಅಹಿಂಸೆಯ ಅರ್ಥ ಬೇರೆಯಾಗಿಯೇ ಕಂಡೀತು. ಪಾವಗಡದಲ್ಲಿ ೨೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ ಎಂಬುದೂ ನಿಜ. ಆದರೆ ಸೂರ್ಯನ ವಿದ್ಯುತ್ತು ಹಗಲಿನದು. ನಮ್ಮ ಗೃಹಸ್ಥ ಚಾರ್ಜು ಮಾಡುವುದು ರಾತ್ರಿ, ಮಲಗುವ ಮುನ್ನ. ಕಚೇರಿಯಲ್ಲಿ ಮಧ್ಯಾಹ್ನ ಚಾರ್ಜು ಮಾಡುವ ಸೌಕರ್ಯವಿದ್ದರೆ ಅದೇ ಮೇಲು. ಜಲವಿದ್ಯುತ್ತೆಂದರೆ ಶುದ್ಧವೆಂದು ಭಾವಿಸುವವರು ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಕಾಡು, ಗದ್ದೆ, ಊರುಗಳನ್ನು ನೆನೆಯಬೇಕು.

ವಿದ್ಯುತ್ತು ತೇಜಸ್ಕಾಯಿಕ ಜೀವವೇ, ಅಚಿತ್ತವೇ ಎಂಬ ಪ್ರಶ್ನೆಯಲ್ಲಿ ಸಂಪ್ರದಾಯಗಳ ನಡುವೆ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ತ್ಯಾಗಿಗಳಿಗೆ ಸಂಬಂಧಿಸಿದ್ದು. ಮನೆಯಲ್ಲಿ ದೀಪ ಉರಿಸುವ, ಮಿಕ್ಸರು ತಿರುಗಿಸುವ ಗೃಹಸ್ಥನು ವಾಹನದ ವಿಷಯಕ್ಕೆ ಮಾತ್ರ ಅದನ್ನೆತ್ತುವುದು ಸಲ್ಲದು.

ಬ್ಯಾಟರಿಯ ಮೂಲವನ್ನು ಕೆದಕಿದರೆ ವಿಷಯ ಇನ್ನೂ ಕಠಿಣವಾಗುತ್ತದೆ. ೧೯೯೧ರಲ್ಲಿ ಸೋನಿ ಸಂಸ್ಥೆಯು ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯೇ ಇಂದಿನ ಈ ವಾಹನಗಳ ಹೃದಯ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಲಿಥಿಯಂ ಬರುವುದು ಎಲ್ಲಿಂದ? ಒಂದು ಪಾಲು ಆಸ್ಟ್ರೇಲಿಯದ ಬಂಡೆಗಳನ್ನು ಸಿಡಿಸಿ. ಇನ್ನೊಂದು ಪಾಲು ಚಿಲಿ ದೇಶದ ಅಟಕಾಮ ಮರುಭೂಮಿಯ ಉಪ್ಪುಬಯಲಿನ ಕೆಳಗಿರುವ ಲವಣಜಲವನ್ನು ಪಂಪಿನಿಂದ ಎತ್ತಿ, ವಿಶಾಲ ಕೊಳಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿಸಿ. ಆ ಬಯಲಿನ ಅಂಚಿನ ಕೆರೆಗಳಲ್ಲಿ ರಾಜಹಂಸಗಳು ಬದುಕುತ್ತವೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಸೇರಿದಂತೆ ಹಲವು ಗ್ರಂಥಗಳು ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳನ್ನು ಎಣಿಸುತ್ತವೆ. ಅವುಗಳಲ್ಲಿ ಬಂಡಿಗಳಿಂದ ಜೀವನ ನಡೆಸುವ ಶಕಟಕರ್ಮವಿದೆ, ನೆಲವನ್ನೂ ಕಲ್ಲನ್ನೂ ಒಡೆಯುವ ಸ್ಫೋಟಕರ್ಮವಿದೆ, ಕೆರೆಕೊಳಗಳನ್ನು ಬತ್ತಿಸುವ ಸರಃಶೋಷವೂ ಇದೆ. ಎಂಟು ನೂರು ವರ್ಷಗಳ ಹಿಂದಿನ ಪಟ್ಟಿಯ ಮೂರು ಹೆಸರುಗಳು ಇಂದಿನ ಒಂದು ಬೈಕಿನಲ್ಲಿ ಒಟ್ಟಿಗೆ ಕುಳಿತಿರುವುದನ್ನು ಕಂಡು ನಗುವವರು ನಗಬಹುದು. ಆ ಪಟ್ಟಿಯನ್ನು ಮಾಡಿದವರಿಗೆ ಲಿಥಿಯಂ ಗೊತ್ತಿರಲಿಲ್ಲ. ಕೆರೆ ಬತ್ತಿದಾಗ ಸಾಯುವವು ಯಾವುವು ಎಂಬುದು ಗೊತ್ತಿತ್ತು.

ಕೋಬಾಲ್ಟಿನ ಸಂಗತಿ ಮನುಷ್ಯಹಿಂಸೆಗೆ ಸಂಬಂಧಿಸಿದ್ದು. ಜಗತ್ತಿನಲ್ಲಿ ಅಗೆದು ತೆಗೆಯುವ ಕೋಬಾಲ್ಟಿನ ಬಹುಭಾಗ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿಯ ಕೆಲವು ಗಣಿಗಳಲ್ಲಿ ಬಡವರು, ಮಕ್ಕಳೂ ಸೇರಿ, ಕೈಯಿಂದಲೇ ಸುರಂಗ ಅಗೆಯುವುದನ್ನು ಆಮ್ನೆಸ್ಟಿ ಸಂಸ್ಥೆ ೨೦೧೬ರಲ್ಲಿ ವರದಿ ಮಾಡಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಲ್ಲಿಯೂ ಕರ್ಮ ಬಂದು ಸೇರುತ್ತದೆಂದು ಬಾಲ್ಯದಿಂದ ಕಲಿತವನು 'ನಾನು ಅಗೆಯಲಿಲ್ಲ' ಎಂದು ಹೇಳಿ ಮುಗಿಸುವಂತಿಲ್ಲ. ಇಲ್ಲಿ ಅವನಿಗೊಂದು ದಾರಿಯಿದೆ. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿಗಳಲ್ಲಿ ಕೋಬಾಲ್ಟು ಇಲ್ಲ. ಅವು ತುಸು ಭಾರ, ಒಂದೇ ತೂಕಕ್ಕೆ ತುಸು ಕಡಿಮೆ ದೂರ ಓಡಿಸುತ್ತವೆ, ಆದರೆ ಬಾಳಿಕೆ ಹೆಚ್ಚು. ಅಂಗಡಿಗೆ ಹೋದಾಗ ಬಣ್ಣ ಯಾವುದು ಎಂದು ಕೇಳುವ ಮೊದಲು ಬ್ಯಾಟರಿಯ ರಸಾಯನ ಯಾವುದು ಎಂದು ಕೇಳುವುದು ಶ್ರಾವಕನಿಗೆ ಒಪ್ಪುವ ವಿವೇಚನೆ. ಹಾಗೆಂದು ಪೆಟ್ರೋಲನ್ನು ನಿರ್ದೋಷಿಯೆಂದು ತಿಳಿಯಬಾರದು. ಕಚ್ಚಾ ತೈಲದಿಂದ ಗಂಧಕ ತೆಗೆಯುವ ಕಾರ್ಖಾನೆಗಳಲ್ಲಿಯೂ ಕೋಬಾಲ್ಟು ಬಳಕೆಯಾಗುತ್ತದೆ. ಪೆಟ್ರೋಲು ಬಂಕಿನಲ್ಲಿ ನಿಂತು ಕಾಂಗೋದ ಬಗ್ಗೆ ಮರುಗುವವರಿಗೆ ಇದು ತಿಳಿದಿರುವುದಿಲ್ಲ, ಅಷ್ಟೇ. ಬ್ಯಾಟರಿಯ ಆಯುಷ್ಯ ಮುಗಿದ ಮೇಲೆ ಉತ್ಸರ್ಗಸಮಿತಿಯ ಮಾತು ಬರುತ್ತದೆ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳು ಅದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗುಜರಿಯವನಿಗೆ ಹಾಕದೆ ಅಲ್ಲಿಗೆ ತಲುಪಿಸುವುದಷ್ಟೇ ಮಾಲೀಕನ ಪಾಲಿನದು.

ಇನ್ನು ಸದ್ದಿನ ವಿಷಯ. ಗದ್ದಲದಿಂದ ಬಳಲಿದ ನಗರದಲ್ಲಿ ಸದ್ದಿಲ್ಲದ ವಾಹನ ಒಂದು ಉಪಕಾರವೆಂಬುದನ್ನು ಅಲ್ಲಗಳೆಯಲಾಗದು. ಬೆಳಗಿನ ಸಾಮಾಯಿಕಕ್ಕೆ ಕುಳಿತವನ ಕಿಟಕಿಯ ಕೆಳಗೆ ಅದು ಯಾರಿಗೂ ತಿಳಿಯದಂತೆ ಹೊರಟುಹೋಗುತ್ತದೆ. ಆದರೆ ಆ 'ಯಾರಿಗೂ ತಿಳಿಯದಂತೆ' ಎಂಬುದರಲ್ಲಿಯೇ ಅಪಾಯವಿದೆ. ಬೀದಿಯಲ್ಲಿ ಮಲಗಿದ ನಾಯಿ ಕಣ್ಣು ಮುಚ್ಚಿದ್ದರೂ ಇಂಜಿನಿನ ಸದ್ದಿಗೆ ಕಿವಿ ನಿಮಿರಿಸಿ ಎದ್ದು ಸರಿಯುತ್ತದೆ. ಅಳಿಲು ರಸ್ತೆಯ ಅಂಚಿನಲ್ಲಿ ಒಂದು ಗಳಿಗೆ ತಡೆಯುತ್ತದೆ. ಕಣ್ಣು ಕಾಣದ ಮನುಷ್ಯನು ಸದ್ದನ್ನು ಅಳೆದು ರಸ್ತೆ ದಾಟುತ್ತಾನೆ. ಸದ್ದಿಲ್ಲದ ವಾಹನವು ಇವರೆಲ್ಲರಿಂದ ಒಂದು ಇಂದ್ರಿಯದ ರಕ್ಷಣೆಯನ್ನು ಕಸಿದುಕೊಳ್ಳುತ್ತದೆ. ಶ್ರೋತ್ರೇಂದ್ರಿಯವಿರುವ ಪಂಚೇಂದ್ರಿಯ ಜೀವಿಗಳಿಗೇ ಈ ಅಪಾಯವೆಂಬುದನ್ನು ಗಮನಿಸಬೇಕು. ಮಳೆಗಾಲದ ಎರೆಹುಳುವಿಗೆ ಹಳೆಯ ಬೈಕೂ ಒಂದೇ, ಹೊಸದೂ ಒಂದೇ, ನಾಯಿಗೆ ಹಾಗಲ್ಲ. ಹೊಗೆಯ ಹಿಂಸೆ ತಗ್ಗಿದ ಕಡೆ ಬಡಿತದ ಹಿಂಸೆ ಹೆಚ್ಚುವ ಸಂಭವವಿದೆ.

ಹೊರದೇಶಗಳು ಇದನ್ನು ಕಾನೂನಿನ ವಿಷಯವಾಗಿಯೇ ಪರಿಗಣಿಸಿವೆ. ಅಮೆರಿಕದಲ್ಲಿ ಪಾದಚಾರಿಗಳ ರಕ್ಷಣೆಗೆಂದು ೨೦೧೦ರ ಹೆಸರಿನ ಕಾಯಿದೆಯೊಂದಿದೆ. ಯುರೋಪಿನಲ್ಲಿ ೨೦೧೯ರ ಜುಲೈಯಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಚಲಿಸುವಾಗ ತಾವಾಗಿ ಒಂದು ಎಚ್ಚರಿಕೆಯ ಸದ್ದನ್ನು ಹೊರಡಿಸಬೇಕೆಂಬ ನಿಯಮ ಬಂದಿತು. ಇವು ಕಾರು, ಬಸ್ಸುಗಳಂಥ ವಾಹನಗಳಿಗೆ, ಎರಡು ಚಕ್ರದವುಗಳಿಗಲ್ಲ. ನಮ್ಮಲ್ಲಿ ೨೦೧೯ರಲ್ಲಿ ಮಾರುಕಟ್ಟೆಗೆ ಬಂದ ರಿವೋಲ್ಟ್ ಆರ್‌ವಿ-೪೦೦ ಮೋಟಾರು ಸೈಕಲ್ಲಿನಲ್ಲಿ ಕೃತಕ ಸದ್ದುಗಳ ವ್ಯವಸ್ಥೆಯಿದ್ದದ್ದು ಕುತೂಹಲದ ಸಂಗತಿ. ಸವಾರನು ತನಗೆ ಬೇಕಾದ ಇಂಜಿನಿನ ಗರ್ಜನೆಯನ್ನು ಆರಿಸಿಕೊಳ್ಳಬಹುದು, ಬೇಡವಾದರೆ ನಿಲ್ಲಿಸಬಹುದು. ಒಂದೇ ಧ್ವನಿವರ್ಧಕದಿಂದ ದಯೆಯೂ ಹೊರಡಬಹುದು, ಮದವೂ ಹೊರಡಬಹುದು. ಶಾಲೆಯ ಮುಂದಿನ ಕಿರುಬೀದಿಯಲ್ಲಿ ಮೆಲುದನಿಯಾಗಿ ಹಾಕಿದ ಸದ್ದು ಯತ್ನಾಚಾರ. ಗೆಳೆಯರ ಮುಂದೆ ದೊಡ್ಡದಾಗಿ ಹಾಕಿದ ಅದೇ ಸದ್ದು ಅನರ್ಥದಂಡ. ಯಾವುದೆಂದು ತೀರ್ಮಾನಿಸಲು ಗುಂಡಿಯನ್ನು ಒತ್ತಿದವನ ಪರಿಣಾಮವನ್ನೇ ನೋಡಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಟ್ಟಿರುವುದರ ಔಚಿತ್ಯ ಇಂಥಲ್ಲಿ ತಿಳಿಯುತ್ತದೆ.

ವಿಹಾರದ ಪ್ರಶ್ನೆಯನ್ನು ಇಲ್ಲಿ ಎತ್ತದಿರಲಾಗದು. ಚಾತುರ್ಮಾಸ ಮುಗಿದ ಮೇಲೆ ಮುನಿಸಂಘಗಳು, ಆರ್ಯಿಕೆಯರು, ಸಾಧ್ವಿಯರು ಬರಿಗಾಲಲ್ಲಿ ಊರಿಂದೂರಿಗೆ ಹೊರಡುತ್ತಾರೆ. ಹೆದ್ದಾರಿಗಳ ಅಂಚಿನಲ್ಲಿ ನಡೆಯುತ್ತಿದ್ದ ತ್ಯಾಗಿಗಳು ವಾಹನಗಳ ಬಡಿತಕ್ಕೆ ಸಿಕ್ಕಿ ದೇಹ ಬಿಟ್ಟ ದುರ್ಘಟನೆಗಳನ್ನು ಸಮಾಜ ಕಂಡಿದೆ. ಅವರ ದೃಷ್ಟಿ ಮುಂದಿನ ನಾಲ್ಕು ಮೊಳದ ನೆಲದ ಮೇಲೆ. ಬೆನ್ನ ಹಿಂದಿನ ಲೋಕ ಅವರಿಗೆ ಕಿವಿಯಿಂದ ಮಾತ್ರ ತಿಳಿಯುತ್ತದೆ. ಅಹಿಂಸೆಯೆಂದು ಭಾವಿಸಿ ಕೊಂಡ ವಾಹನವು ಈರ್ಯಾಸಮಿತಿಯಲ್ಲಿ ನಡೆಯುತ್ತಿರುವವರನ್ನೇ ಹಿಂದಿನಿಂದ ಸದ್ದಿಲ್ಲದೆ ಸಮೀಪಿಸುವಂತಾದರೆ ಅದಕ್ಕಿಂತ ವಿಪರ್ಯಾಸ ಮತ್ತೊಂದಿಲ್ಲ. ವಿಹಾರದ ಜೊತೆಗೆ ವಾಹನದಲ್ಲಿ ಸಾಗುವ ಯುವಕ ಸಂಘಗಳವರು ಇದನ್ನು ವಿಶೇಷವಾಗಿ ಮನಗಾಣಬೇಕು. ಅಂಥವರ ಹಿಂದೆ ಹೋಗುವಾಗ ವೇಗವನ್ನು ನಡಿಗೆಗೆ ಇಳಿಸುವುದೊಂದೇ ಉಪಾಯ. ಹಾರನ್ನು ಬಾರಿಸಿ ಬೆಚ್ಚಿಬೀಳಿಸುವುದಲ್ಲ.

ವೇಗದ ಮಾತು ಬಂದುದರಿಂದ ಇನ್ನೊಂದು ಸಂಕಟ. ನಮ್ಮ ಗೃಹಸ್ಥನಿಗೆ ರಾತ್ರಿಭೋಜನ ತ್ಯಾಗವಿದೆ ಎನ್ನೋಣ. ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಆರು ಗಂಟೆಗೆ ಸ್ವಲ್ಪ ಮೊದಲೇ ಮುಳುಗುತ್ತಾನೆ. ಐದು ಗಂಟೆಗೆ ಕಚೇರಿ ಬಿಟ್ಟವನು ೨೫ ಕಿಲೋಮೀಟರು ಕ್ರಮಿಸಿ, ಕೈಕಾಲು ತೊಳೆದು, ಎಲೆಯ ಮುಂದೆ ಕೂರಬೇಕು. ಹಳೆಯ ಬೈಕು ಅವನಿಗೆ ಅವಸರ ಮಾಡಲು ಬಿಡುತ್ತಿರಲಿಲ್ಲ, ಅಥವಾ ಅವಸರ ಮಾಡಿದರೆ ಕೂಗಿ ಹೇಳುತ್ತಿತ್ತು. ಹೊಸದಕ್ಕೆ ಆಯಾಸವಿಲ್ಲ, ಕಂಪನವಿಲ್ಲ. ಗಂಟೆಗೆ ೬೦ ಕಿಲೋಮೀಟರು ಓಡುತ್ತಿದ್ದರೂ ೪೦ರಂತೆ ಭಾಸವಾಗುತ್ತದೆ. ಮೊದಲ ತಿಂಗಳಲ್ಲಿ ಇದರ ಸವಾರರೆಲ್ಲ ತಮಗರಿವಿಲ್ಲದೆ ವೇಗಿಗಳಾಗಿಬಿಡುವುದುಂಟು. ಒಂದು ವ್ರತವನ್ನು ಉಳಿಸಲು ಇನ್ನೊಂದು ವ್ರತವನ್ನು ರಸ್ತೆಗೆ ಚೆಲ್ಲುವುದು ಯಾವ ನ್ಯಾಯ? ಸಂಜೆ ಐದಕ್ಕೆ ಕಚೇರಿಯಲ್ಲಿಯೇ ಡಬ್ಬಿಯ ಊಟ ಮುಗಿಸಿ ನಿಧಾನವಾಗಿ ಹೊರಡುವವನ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಕುಳಿತು ಉಣ್ಣುವ ಸುಖ ತಪ್ಪುತ್ತದೆ. ಅದು ಸಣ್ಣ ನಷ್ಟವಲ್ಲ. ಆದರೂ ಎರಡರಲ್ಲಿ ಅದೇ ಸರಿಯಾದ ಆಯ್ಕೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ವಾಹನವೇ ಈ ಮಟ್ಟಿಗೆ ನಿಧಾನದ ಪಕ್ಷ ವಹಿಸಿದೆ.

ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಹೋದೀತು ಎಂಬ ಆತಂಕ ಇದರ ಮಾಲೀಕರನ್ನು ಮೊದಮೊದಲು ಬಹಳ ಕಾಡುತ್ತದೆ. ನಿಗದಿಯಾದ ಎಲ್ಲೆ ಮೀರಿ ಹೋಗಲಾರೆನೆಂಬುದು ಅವರಿಗೆ ಒಂದು ಕೊರತೆಯಾಗಿ ತೋರುತ್ತದೆ. ಜೈನ ಶ್ರಾವಕಾಚಾರವು ಇದೇ ಎಲ್ಲೆಯನ್ನು ಮೂರು ಗುಣವ್ರತಗಳಲ್ಲಿ ಮೊದಲನೆಯದಾಗಿ ಇಟ್ಟಿತ್ತು. ದಿಗ್ವ್ರತಿಯು ನದಿ, ಬೆಟ್ಟ, ಊರುಗಳನ್ನು ಗುರುತಾಗಿ ಹೇಳಿ ಇದರಾಚೆ ಹೋಗೆನೆಂದು ನಿಯಮ ಮಾಡಿಕೊಳ್ಳುತ್ತಿದ್ದ. ದೇಶವ್ರತದಲ್ಲಿ ದಿನದ ಮಟ್ಟಿಗೆ ಅದನ್ನು ಇನ್ನೂ ಕಿರಿದುಗೊಳಿಸುತ್ತಿದ್ದ. ಎಲ್ಲೆಯಾಚೆಗಿನ ಅಸಂಖ್ಯ ಜೀವಿಗಳಿಗೆ ಅವನು ಅಷ್ಟರಿಂದಲೇ ಅಭಯ ಕೊಟ್ಟಂತಾಗುತ್ತಿತ್ತು. ಬ್ಯಾಟರಿಯ ಎಲ್ಲೆಗೂ ಈ ಎಲ್ಲೆಗೂ ಒಂದು ಮುಖ್ಯ ಅಂತರವಿದೆ. ಒಂದು ಯಂತ್ರದ ಅಶಕ್ತಿ, ಇನ್ನೊಂದು ಮನಸ್ಸಿನ ಶಕ್ತಿ. ದೊಡ್ಡ ಬ್ಯಾಟರಿ ಬಂದೊಡನೆ ಮೊದಲನೆಯದು ಅಳಿಸಿಹೋಗುತ್ತದೆ. ಒಂದು ದಿಕ್ಕಿನ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವ ಕ್ಷೇತ್ರವೃದ್ಧಿಯನ್ನು ಶಾಸ್ತ್ರಕಾರರು ದಿಗ್ವ್ರತದ ಅತಿಚಾರವೆಂದೇ ಎಣಿಸಿದ್ದಾರೆ.

ಹಿಗ್ಗುವಿಕೆಗೆ ಹಣವೂ ಇಂಬು ಕೊಡುತ್ತದೆ. ತಿಂಗಳಿಗೆ ಎರಡೂವರೆ ಮೂರು ಸಾವಿರ ರೂಪಾಯಿಯ ಪೆಟ್ರೋಲಿನ ಬದಲು ಮುನ್ನೂರು ರೂಪಾಯಿಯ ಆಸುಪಾಸಿನ ವಿದ್ಯುತ್ತು ಸಾಕಾಗುವಾಗ, ಕೊತ್ತಂಬರಿ ಸೊಪ್ಪಿಗೂ ವಾಹನ ತೆಗೆಯುವ ಅಭ್ಯಾಸ ಬೆಳೆಯುತ್ತದೆ. ಮೊದಲು ನಡೆದು ಹೋಗುತ್ತಿದ್ದ ಬಸದಿಗೆ ಈಗ ಸವಾರಿ. ಭಾನುವಾರ ಸುಮ್ಮನೆ ಒಂದು ಸುತ್ತು. ಇಂಧನವನ್ನು ಮಿತವಾಗಿ ಬಳಸುವ ಯಂತ್ರ ಬಂದಾಗ ಒಟ್ಟು ಬಳಕೆ ತಗ್ಗುವ ಬದಲು ಏರಬಹುದೆಂದು ಜೆವೊನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ೧೮೬೫ರಲ್ಲಿಯೇ ಕಲ್ಲಿದ್ದಲನ್ನು ಕುರಿತು ಬರೆದಿದ್ದ. ಅರ್ಧವಾದ ಹಿಂಸೆ ಎರಡು ಪಟ್ಟು ಓಡಾಟದಿಂದ ಮತ್ತೆ ಇಡಿಯಾಗುತ್ತದೆ. ಇದಕ್ಕೂ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ. ೨೦೨೩ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೊ ವಿಜಯನಗರದ ಮೂಲಕ ವೈಟ್‌ಫೀಲ್ಡಿನವರೆಗೂ ಓಡುತ್ತಿದೆ. ಅದೂ ವಿದ್ಯುತ್ತಿನಲ್ಲಿಯೇ ಓಡುತ್ತದೆ, ಯಾರ ಸ್ವತ್ತೂ ಆಗದೆ. ನಮ್ಮ ಗೃಹಸ್ಥನಿಗೆ ವಾಹನ ಬೇಕಾದದ್ದು ನಿಲ್ದಾಣದಿಂದಾಚೆಗಿನ ಎರಡು ಮೂರು ಕಿಲೋಮೀಟರಿಗೋ, ಅಥವಾ ತನ್ನದೆಂದು ಹೇಳಿಕೊಳ್ಳುವುದಕ್ಕೋ? ಪರಿಗ್ರಹವು ವಸ್ತುವಿಗಿಂತ ಹೆಚ್ಚಾಗಿ ಅದರ ಮೇಲಿನ ಮೂರ್ಛೆಯಲ್ಲಿದೆಯೆಂಬುದನ್ನು ಹೊಸ ವಾಹನವನ್ನು ದಿನಕ್ಕೆರಡು ಬಾರಿ ಒರೆಸುವವನು ಚೆನ್ನಾಗಿ ಬಲ್ಲ.

ಹಳೆಯ ಬೈಕು ಏನಾಯಿತು? ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯಿದು. ಅದನ್ನು ಇನ್ನೊಬ್ಬನಿಗೆ ಮಾರಿದರೆ ಹೊಗೆಯ ಯಜಮಾನ ಬದಲಾದನೇ ಹೊರತು ಹೊಗೆ ನಿಲ್ಲಲಿಲ್ಲ. ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವ ಹಿಂಸಾದಾನವೂ ಒಂದು. ಹಾಗೆಂದು ಮಾರಾಟವನ್ನು ಪೂರ್ಣವಾಗಿ ನಿಷೇಧಿಸಲೂ ಆಗದು. ಇನ್ನೂ ಹಳೆಯದಾದ, ಇನ್ನೂ ಹೆಚ್ಚು ಹೊಗೆಯುಗುಳುವ ವಾಹನವನ್ನು ಬಿಟ್ಟು ಇದನ್ನು ಕೊಳ್ಳುವವನಿದ್ದರೆ ಕೊಡುವುದರಲ್ಲಿ ದೋಷ ಕಡಿಮೆ. ತೀರ ಸವೆದುದಾದರೆ ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಬರುವ ಅಲ್ಪ ಹಣಕ್ಕೆ ತೃಪ್ತನಾಗುವುದು ಲೇಸು.

ಕೊನೆಗೆ, ಟ್ರಸ್ಟುಗಳ ಪದಾಧಿಕಾರಿಗಳು ಯೋಚಿಸಬೇಕಾದ ವಿಷಯ ಒಂದಿದೆ. ಭಾನುವಾರದ ಅಭಿಷೇಕಕ್ಕೆ ಬಂದ ಈ ಗೃಹಸ್ಥನು, ಉತ್ಸವದ ದೀಪಾಲಂಕಾರಕ್ಕೆಂದು ಬಸದಿಯ ಅಂಗಳದ ಕಂಬಕ್ಕೆ ಜೋಡಿಸಿದ ಪ್ಲಗ್ಗಿಗೆ ತನ್ನ ವಾಹನದ ತಂತಿಯನ್ನು ಸಿಕ್ಕಿಸಿ ಒಳಗೆ ಹೋಗುತ್ತಾನೆ. ಪೂಜೆ ಮುಗಿದು ಆರತಿಯಾಗುವಷ್ಟರಲ್ಲಿ ಒಂದೂವರೆ ಎರಡು ಯೂನಿಟ್ಟು ಬ್ಯಾಟರಿಗೆ ಸೇರಿರುತ್ತದೆ. ಬೆಲೆ ಹದಿನೈದು ರೂಪಾಯಿಯನ್ನೂ ಮುಟ್ಟದು. ಅವನು ಹುಂಡಿಗೆ ಹಾಕಿದ್ದು ಅದಕ್ಕಿಂತ ಹೆಚ್ಚೇ ಇರಬಹುದು. ಪುರೋಹಿತರು ನೋಡಿದರೂ ಸುಮ್ಮನಿರುತ್ತಾರೆ, ಪರಿಚಿತ ಮನೆತನ. ಮುಂದಿನ ತಿಂಗಳು ಅದೇ ಕಂಬದ ಬಳಿ ಐದು ವಾಹನಗಳು.

ಹದಿನೈದು ರೂಪಾಯಿಯನ್ನು ಹುಂಡಿಯಿಂದ ಕೈಹಾಕಿ ತೆಗೆದುಕೊಳ್ಳಲು ಈ ಐವರಲ್ಲಿ ಒಬ್ಬರೂ ಮುಂದಾಗುವವರಲ್ಲ, ಊಹಿಸಿದರೇ ನಡುಗಿಯಾರು. ತಂತಿಯ ಮೂಲಕ ಬಂದಾಗ ಅದು ಕಾಣದಂತಾಗುತ್ತದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಅಚೌರ್ಯಾಣುವ್ರತದಲ್ಲಿ ವಸ್ತುವಿನ ಗಾತ್ರಕ್ಕೆ ವಿನಾಯಿತಿಯಿಲ್ಲ. ಕುಡಿಯುವ ನೀರು, ಚಪ್ಪಲಿಯಿಡುವ ಕಟ್ಟೆ, ವಾಹನ ನಿಲ್ಲಿಸುವ ಜಾಗ ಇವನ್ನೆಲ್ಲ ಬಸದಿ ಕೊಡುತ್ತದಲ್ಲ, ವಿದ್ಯುತ್ತನ್ನೇಕೆ ಕೊಡಬಾರದು ಎಂಬ ಆಕ್ಷೇಪ ಬರುವುದು ಸಹಜ. ಆ ಸೌಕರ್ಯಗಳು ದರ್ಶನಕ್ಕೆ ಅಂಗವಾದವು, ಬಂದವರೆಲ್ಲರಿಗೂ ಸಮಾನವಾದವು. ಬ್ಯಾಟರಿಯಲ್ಲಿ ತುಂಬಿದ ವಿದ್ಯುತ್ತು ಸೋಮವಾರ ವೈಟ್‌ಫೀಲ್ಡಿನ ಕಚೇರಿಗೆ ಹೋಗುತ್ತದೆ. ಅಭಿಷೇಕಕ್ಕೆಂದು, ಜೀರ್ಣೋದ್ಧಾರಕ್ಕೆಂದು ದಾನಿಗಳು ಕೊಟ್ಟ ಹಣದಿಂದ ಒಬ್ಬನ ಉದ್ಯೋಗದ ಪ್ರಯಾಣ ನಡೆದಂತಾಯಿತು. ದೇವದ್ರವ್ಯವನ್ನೂ ಸಾಧಾರಣ ದ್ರವ್ಯವನ್ನೂ ಬೇರೆ ಬೇರೆ ಲೆಕ್ಕದಲ್ಲಿಡುವ ಪದ್ಧತಿಯನ್ನು ಹಿಂದಿನವರು ಇಂಥ ಸೋರಿಕೆಗಳಿಗಾಗಿಯೇ ಮಾಡಿದ್ದು. 'ಕಮಿಟಿಯವರ ಒಪ್ಪಿಗೆಯಿದೆ' ಎಂಬ ಸಮಜಾಯಿಷಿಯೂ ನಿಲ್ಲದು. ಟ್ರಸ್ಟಿಗಳು ಆ ದ್ರವ್ಯದ ಕಾವಲುಗಾರರು, ಒಡೆಯರಲ್ಲ.

ದಾನಿಯೊಬ್ಬರು ಇದೇ ಉದ್ದೇಶವನ್ನು ಸ್ಪಷ್ಟವಾಗಿ ಹೇಳಿ ಹಣ ಕೊಟ್ಟರೆ ಅದತ್ತಾದಾನದ ದೋಷ ಹೋಗುತ್ತದೆ. ಆದರೆ ಇನ್ನೊಂದು ಅನ್ಯಾಯ ಉಳಿಯುತ್ತದೆ. ಲಕ್ಷಕ್ಕೂ ಮೀರಿದ ಬೆಲೆಯ ವಾಹನ ಕೊಂಡವನಿಗೆ ಧರ್ಮಾರ್ಥದ ವಿದ್ಯುತ್ತು. ಎರಡು ಬಸ್ಸು ಬದಲಾಯಿಸಿ ಬಂದ ವಿಧವೆ ಅಜ್ಜಿಗೆ, ನಡೆದು ಬಂದ ಅಡುಗೆಯವನಿಗೆ ಏನೂ ಇಲ್ಲ. ಇವರ ಪ್ರಯಾಣದ ಹಿಂಸೆ ಅವನದಕ್ಕಿಂತ ಕಡಿಮೆಯೇ ಇರುತ್ತದೆ. ಅಹಿಂಸೆಗೆ ಪ್ರೋತ್ಸಾಹಧನವೆಂದರೆ ಅದು ಮೊದಲು ಅಜ್ಜಿಗೆ ಸಲ್ಲಬೇಕು.

ಆದುದರಿಂದ ಸೌಕರ್ಯ ಬೇಕೇ ಬೇಕೆನ್ನುವ ಟ್ರಸ್ಟುಗಳು ಅಂಗಳದ ಅಂಚಿನಲ್ಲಿ, ಗರ್ಭಗೃಹದಿಂದಲೂ ಶಾಸ್ತ್ರಭಂಡಾರದಿಂದಲೂ ದೂರದಲ್ಲಿ, ಪ್ರತ್ಯೇಕ ಮೀಟರಿನ ಒಂದು ಪ್ಲಗ್ಗನ್ನು ಹಾಕಿಸುವುದು ಒಳ್ಳೆಯದು. ಬ್ಯಾಟರಿಗಳು ಹೊತ್ತಿಕೊಂಡ ಪ್ರಕರಣಗಳು ೨೦೨೨ರಲ್ಲಿ ಹಲವು ನಡೆದಿದ್ದರಿಂದ ದೂರದ ಈ ಎಚ್ಚರ ಅವಶ್ಯ. ದರವು ವಿದ್ಯುತ್ ಬಿಲ್ಲಿನ ದರಕ್ಕಿಂತ ಒಂದೆರಡು ರೂಪಾಯಿ ಹೆಚ್ಚಿರಲಿ, ಕಡಿಮೆ ಬೇಡ. ಬಂದ ಹಣ ಸಾಧಾರಣ ದ್ರವ್ಯಕ್ಕೆ ಜಮೆಯಾಗಲಿ. ಈ ಏರ್ಪಾಡು ಆಗಿ, ರಸೀದಿ ಪುಸ್ತಕದಲ್ಲಿ ಇದಕ್ಕೊಂದು ಬೇರೆ ಕಾಲಂ ಅಚ್ಚಾಗುವವರೆಗೆ ದೀಪಾಲಂಕಾರದ ಕಂಬದ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ವ್ಯವಸ್ಥಾಪಕರ ಬಳಿ ಇಡುವುದು ವಿಹಿತ.